ಕುಡಿಯಕ್ಕಾ, ಗಿಡಕ್ಕಾ?

ಅವರ ಮೂಗಿನ ತುದಿ ಸದಾ ಒಂದಿಷ್ಟು ಕೆಂಪಗಿರುತ್ತಿತ್ತು. ನೆಗಡಿಯಿಂದಲ್ಲ, ಉದ್ಯೋಗದಿಂದ. ದಿನಕ್ಕೆ ಹತ್ತಾರು ಸಲ ಪೈಪಿನ ಬಾಯಿಗೆ ಮೂಗು ಒತ್ತಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಳ್ಳುವ ಮನುಷ್ಯನ ಮೂಗು ಇನ್ನು ಹೇಗಿದ್ದೀತು? ಕೆಲವು ದಿನ ಮುಕ್ಕಾಲು ಇಂಚು ಪೈಪಿನ ದುಂಡು ಗುರುತು ಅಲ್ಲಿ ಅರ್ಧ ಗಂಟೆ ಉಳಿದಿರುತ್ತಿತ್ತು. ಆ ಗುರುತಿನ ಸಮೇತ ಅವರು ಗಂಭೀರವಾಗಿ ಮಾತಾಡುವರು. ಗಿರಾಕಿಗಳೂ ನಗದೆ ಉತ್ತರಿಸುವರು. ಶಿಡ್ಲಘಟ್ಟದಲ್ಲಿ ಆ ಮೂಗಿಗೆ ಅಷ್ಟು ಮರ್ಯಾದೆಯಿತ್ತು.

ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಅವರ ಅಂಗಡಿ. ನಲ್ಲಿ, ವಾಷರ್, ವಾಲ್ವು ಎಲ್ಲವೂ ಸಿಗುತ್ತಿದ್ದರೂ ಊರು ಅವರನ್ನು ಗುರುತಿಸಿದ್ದು ಪೈಪಿನಿಂದ. ಪೈಪಿನ ಸಾಹೇಬರು ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಆಟೋದವರು ಮರುಮಾತಿಲ್ಲದೆ ಕರೆತಂದು ಬಿಡುತ್ತಿದ್ದರು. ನಾನು ಅವರನ್ನು ಸಾಹೇಬ್ರೇ ಎನ್ನುತ್ತಿದ್ದೆ, ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು. ಅವರ ಮಗಳು ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು. ಸುಳ್ಳು ಹೇಳಬಾರದೆಂದು ಅವಳಿಗೂ, ಅವಳಂಥ ಸಾವಿರಾರು ಮಕ್ಕಳಿಗೂ ಮೂವತ್ತು ವರ್ಷ ಬೋಧಿಸಿ, ಈಗ ಸರ್ಕಾರದಿಂದ ಪಿಂಚಣಿ ಪಡೆಯುತ್ತಿರುವವನು ನಾನು. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಪೈಪು ಕೇಳಿಕೊಂಡು ಯಾರೇ ಬರಲಿ, ಎಷ್ಟು ಅಡಿ ಎಂದು ಅವರು ಮೊದಲು ಕೇಳುತ್ತಿರಲಿಲ್ಲ. "ಕುಡಿಯಕ್ಕಾ, ಗಿಡಕ್ಕಾ?" ಎನ್ನುವರು. ಗಿಡಕ್ಕೆ ಎಂದರೆ ಎರಡು ನಿಮಿಷದ ಕೆಲಸ: ಅಳೆದು, ಕತ್ತರಿಸಿ, ಸುತ್ತಿ ಕೊಟ್ಟಾಯಿತು. ಕುಡಿಯಕ್ಕೆ ಎಂದಿರೋ, ಕೆಟ್ಟಿರಿ. ಆಗ ಅವರು ಒಳಗಿನಿಂದ ಬಿಳಿ ಪೈಪಿನ ಸುರುಳಿ ತಂದು, ಮೂಗಿಗೆ ಹಿಡಿದು, ನಿಮ್ಮ ಮೂಗಿಗೂ ಹಿಡಿದು, ಒಂದು ಮೊಳ ಕತ್ತರಿಸಿ, ಅದರಲ್ಲಿ ನೀರು ತುಂಬಿ, ಎರಡೂ ತುದಿ ಮಡಚಿ ಕಟ್ಟಿ, ಅಂಗಡಿಯ ಮೆಟ್ಟಿಲ ಮೇಲೆ ಬಿಸಿಲಿಗೆ ಮಲಗಿಸುವರು. "ಸಂಜೆ ಬನ್ನಿ" ಎನ್ನುವರು. ಸಂಜೆ ಹೋದರೆ ಆ ನೀರನ್ನು ಎರಡು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಒಂದನ್ನು ತಾವು ಕುಡಿದು, ಇನ್ನೊಂದನ್ನು ನಿಮಗೆ ಕುಡಿಸಿ, ಯಾವ ವಾಸನೆಯೂ ಇಲ್ಲವೆಂದು ನಿಮ್ಮ ಬಾಯಿಂದಲೇ ಹೇಳಿಸಿ, ಆಮೇಲೆ ಮಾರುವರು.

"ಹೋದ ತಿಂಗಳೂ ಇದೇ ಪೈಪ್ ತಾನೇ ಸಾಬ್ರೇ ಕೊಟ್ಟಿದ್ದು? ಇವತ್ತು ಮತ್ತೆ ಯಾಕೆ ಕಾಯ್ಬೇಕು?" ಎಂದು ಮೇಲೂರಿನ ರೈತರೊಬ್ಬರು ಒಮ್ಮೆ ರೇಗಿದರು.

"ಸುರುಳಿ ಸುರುಳೀಗೂ ಬೇರೆ ಇರುತ್ತೆ ಗೌಡ್ರೇ. ಅದಿರ್ಲಿ, ರೇಷ್ಮೆ ಹುಳಕ್ಕೆ ಹೊಸ ತೋಟದ ಸೊಪ್ಪು ತಂದ್ರೆ ಏನ್ಮಾಡ್ತೀರ? ಎಲ್ಲಾ ತಟ್ಟೆಗೂ ಒಂದೇ ಸಲ ಹಾಕ್ಬಿಡ್ತೀರಾ?"

"ಅದೆಂಗಾಯ್ತದೆ? ನಾಲ್ಕು ಹುಳಕ್ಕೆ ಹಾಕಿ ನೋಡಿ, ಆಮೇಲೆ ಮಿಕ್ಕಿದ್ದಕ್ಕೆ."

"ಹುಳಕ್ಕೆ ಅಷ್ಟು ನೋಡ್ತೀರ. ಮನೆ ಮಕ್ಳು ಕುಡಿಯೋ ನೀರಿಗೆ ಒಂದು ಸಂಜೆ ಕಾಯಕ್ಕಾಗಲ್ವಾ?"

ಗೌಡರು ಕಾದರು.

ಈ ಶಿಸ್ತಿನ ಮೂಲ ಶಿಡ್ಲಘಟ್ಟದಲ್ಲಿರಲಿಲ್ಲ, ಸಮುದ್ರದಲ್ಲಿತ್ತು. ಇಪ್ಪತ್ತರ ವಯಸ್ಸಿನಲ್ಲಿ ಅವರು ನೆಂಟರೊಬ್ಬರ ಜೊತೆ ಮಂಗಳೂರಿಗೆ ಹೋಗಿ ಮೀನುಗಾರಿಕೆ ದೋಣಿಯಲ್ಲಿ ಕೆಲಸ ಮಾಡಿದ್ದರು. ಹೊರಡುವ ಮುನ್ನ ದೋಣಿಯ ಕುಡಿಯುವ ನೀರಿನ ಟ್ಯಾಂಕ್ ತುಂಬಿಸುವುದು ಅವರ ಪಾಲಿನ ಕೆಲಸ. ಒಂದು ದಿನ ಅವಸರದಲ್ಲಿ, ದೋಣಿ ನಿಲ್ಲುವ ದಕ್ಕೆಯಲ್ಲಿ ಕೈಗೆ ಸಿಕ್ಕ ಪೈಪು ಹಾಕಿ ತುಂಬಿಸಿಬಿಟ್ಟರು. ಅದು ಡೀಸೆಲ್ ಪೈಪು.

"ಎಂಟು ದಿನ ಮೇಷ್ಟ್ರೇ! ಗಂಜಿ ಕುಡಿದ್ರೆ ಡೀಸೆಲ್ಲು, ಚಾ ಕುಡಿದ್ರೆ ಡೀಸೆಲ್ಲು. ಸುತ್ತ ನೋಡಿದ್ರೆ ಕಣ್ಣಿಗೆ ಕಾಣೋವರೆಗೂ ನೀರು, ಕುಡಿಯಕ್ಕೆ ಆ ಟ್ಯಾಂಕು ಒಂದೇ. ಇನ್ನೊಂದು ಅಂಗಡಿ ಎಲ್ಲಿದೆ ಅಲ್ಲಿ? ಪೈಪ್ ಹಾಕ್ದೋನು ಯಾರು? ನಾನೇ. ಈ ಕೈಯೇ" ಎಂದು ಬಲಗೈ ಎತ್ತಿ ತೋರಿಸುವರು.

ಈ ಕತೆಯನ್ನು ಅವರು ಬಿಳಿ ಪೈಪು ಕೇಳಿದ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಬೇರೆ ವ್ಯಾಪಾರಿಗಳು ತಮ್ಮ ಸಾಮಾನಿನ ಹೆಚ್ಚುಗಾರಿಕೆ ಹೇಳಿಕೊಂಡು ಮಾರಿದರೆ ಇವರು ತಮ್ಮ ತಪ್ಪನ್ನು ಹೇಳಿಕೊಂಡು ಮಾರುತ್ತಿದ್ದರು. ಕತೆ ಮುಗಿದ ಮೇಲೆ ನಿಯಮಾವಳಿ: ಹೊಸ ಪೈಪಿನ ಮೊದಲ ಎರಡು ಬಿಂದಿಗೆ ನೀರನ್ನು ಗಿಡಕ್ಕೆ ಬಿಡಬೇಕು, ಕೆಲಸ ಮುಗಿದ ಮೇಲೆ ಪೂರಾ ನೀರು ಬಸಿದು ನೆರಳಲ್ಲಿ ತೂಗುಹಾಕಬೇಕು, ಎರಡೂ ತುದಿಗೆ ಮುಚ್ಚಳ ಹಾಕಬೇಕು, ಪಕ್ಕದ ಮನೆಯವರು ಸ್ಕೂಟರ್ ತೊಳೆಯಲು ಕೇಳಿದರೆ, ನೆಂಟಸ್ತನ ಹೋದರೂ ಚಿಂತೆಯಿಲ್ಲ, ಕೊಡಕೂಡದು.

ಇನ್ನು ನನ್ನ ಕಡೆಗೆ ಬರೋಣ. ಬಾರದೆ ವಿಧಿಯಿಲ್ಲ.

ಆರು ವರ್ಷದ ಹಿಂದೆ ನಮ್ಮ ಬೀದಿಯ ಹದಿನಾಲ್ಕು ಮನೆಗಳು ಸೇರಿ ಒಂದು ಕುಡಿಯುವ ನೀರಿನ ಸಮಿತಿ ಮಾಡಿಕೊಂಡೆವು. ಕೊಳವೆಬಾವಿಯ ನೀರು ಬಾಯಿಗಿಡುವಂತಿರಲಿಲ್ಲ. ಎಲ್ಲರಿಗೂ ಸೇರಿ ನಮ್ಮ ಮಹಡಿಯ ಮೇಲೊಂದು ಕಪ್ಪು ಟ್ಯಾಂಕ್, ಅದಕ್ಕೆ ನಾಲ್ಕು ದಿನಕ್ಕೊಮ್ಮೆ ಶುದ್ಧ ನೀರಿನ ಟ್ಯಾಂಕರ್, ಕೆಳಗೆ ನಲ್ಲಿ. ಅಧ್ಯಕ್ಷ ನಾನು, ಕಾರ್ಯದರ್ಶಿ ನಾನು, ಕೆಲಸ ಮಾಡುವ ಸದಸ್ಯನೂ ನಾನೊಬ್ಬನೇ. ಮಧ್ಯಾಹ್ನ ಮೂರಕ್ಕೆ ಟ್ಯಾಂಕಿನ ಉದ್ಘಾಟನೆ ಎಂದು ನಿಶ್ಚಯಿಸಿ, ಕಾಯಿ, ಕರ್ಪೂರ, ಹಾರ, ಅಧ್ಯಕ್ಷರ ಎರಡು ಮಾತು ಎಲ್ಲವನ್ನೂ ಸಿದ್ಧಪಡಿಸಿದ್ದೆ. ಟ್ಯಾಂಕರಿನಿಂದ ಮಹಡಿಗೆ ನೀರು ಹೋಗಲು ಪೈಪು ಬೇಕೆಂಬುದು ಆ ದಿನ ಹನ್ನೆರಡು ಗಂಟೆಗೆ ಹೊಳೆಯಿತು.

ಸಾಹೇಬರ ಅಂಗಡಿಗೆ ಓಡಿದೆ.

"ಕುಡಿಯಕ್ಕಾ, ಗಿಡಕ್ಕಾ ಮೇಷ್ಟ್ರೇ?"

ನನ್ನ ಕಣ್ಣ ಮುಂದೆ ಮೆಟ್ಟಿಲು ಬಂತು, ಬಿಸಿಲು ಬಂತು, "ಸಂಜೆ ಬನ್ನಿ" ಬಂತು, ಮೂರು ಗಂಟೆಗೆ ಹಾರ ಹಿಡಿದು ನಿಂತ ಬೀದಿ ಬಂತು.

"ಗಿಡಕ್ಕೆ" ಅಂದೆ.

"ಎಂಥ ಗಿಡ?"

"ದಾಸವಾಳ."

"ದಾಸವಾಳಕ್ಕೆ ಅರವತ್ತಡಿನಾ?"

"ನಲ್ಲಿ ಹಿತ್ತಲಲ್ಲಿದೆ ಸಾಹೇಬ್ರೇ. ಗಿಡ ಗೇಟ್ ಹತ್ರ."

ಅವರು ಹಸಿರು ಪೈಪು ಅಳೆದು ಕತ್ತರಿಸಿದರು. "ಚೆನ್ನಾಗಿ ನೀರು ಹಾಕಿ. ಇದನ್ನ ಮಾತ್ರ ಬಾಯಿಗೆ ಹಿಡೀಬೇಡಿ" ಅಂದರು. ನಮ್ಮ ಮನೆಯಲ್ಲಿ ದಾಸವಾಳದ ಗಿಡವೇ ಇರಲಿಲ್ಲ.

ಉದ್ಘಾಟನೆ ಸಾಂಗವಾಗಿ ನೆರವೇರಿತು. ಹಸಿರು ಪೈಪು ಬಿಸಿಲಲ್ಲಿ ಥಳಥಳಿಸಿತು; ನನ್ನ ಎರಡು ಮಾತು ಇಪ್ಪತ್ತು ನಿಮಿಷವಾಯಿತು. ಮರುದಿನ ಬೆಳಿಗ್ಗೆ ಹದಿನಾಲ್ಕು ಮನೆಯ ಕಾಫಿಯಲ್ಲೂ ಹೊಸ ಚಪ್ಪಲಿ ಅಂಗಡಿಯ ವಾಸನೆ. ಸಾರಿನಲ್ಲಿ ಅದೇ, ಮಜ್ಜಿಗೆಯಲ್ಲಿ ಅದೇ. ಮೂಲೆಮನೆಯ ಮಗುವೊಂದು ಹಾಲು ಕಕ್ಕಿತು.

ಎದುರುಮನೆಯ ಅಮ್ಮ ಬಿಂದಿಗೆ ಸಮೇತ ಬಂದರು. ಅವರು ನಮ್ಮ ಬೀದಿಯ ಬಾಯಿ; ಹುಳು ಸಾಕಿ ನಾಲ್ಕು ಮಕ್ಕಳನ್ನು ದಡ ಸೇರಿಸಿದ ಹೆಂಗಸು.

"ಅಯ್ಯೋ ದೇವುಡಾ, ಇದೇನ್ ನೀರು ಮೇಷ್ಟ್ರೇ? ಪೈಪ್ ಎಲ್ಲಿ ತಂದ್ರಿ?"

"ಸಾಹೇಬರ ಅಂಗಡೀಲಿ."

"ಕುಡಿಯಕ್ಕೆ ಅಂತ ಹೇಳಿದ್ರಾ?"

ಬೀದಿಯ ಏಳೆಂಟು ಜನ ನನ್ನ ಮುಖ ನೋಡುತ್ತಿದ್ದರು. ಹಿಂದಿನ ದಿನದ ಹಾರ ಇನ್ನೂ ಬಾಗಿಲಲ್ಲಿ ತೂಗುತ್ತಿತ್ತು. "ಹೇಳಿದ್ದೆ" ಅಂದೆ.

"ಬನ್ನಿ, ಕೇಳೇಬಿಡಣ" ಎಂದು ಅವರು ನಡೆದೇಬಿಟ್ಟರು. ನಾನು ಹಸಿರು ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು, ಕದ್ದ ಮಾಲಿನ ಸಮೇತ ಸಿಕ್ಕಿಬಿದ್ದವನಂತೆ ಹಿಂಬಾಲಿಸಿದೆ.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅಮ್ಮನಿಗೆ ಅದೇ ಬೇಕಿತ್ತು. "ಏನ್ ಸಾಬ್ರೇ, ಇದೇನಾ ನಿಮ್ಮ ಕುಡಿಯೋ ಪೈಪು? ಮಗು ಕಕ್ಕೊಂಡೈತೆ. ಊರಿಗೆಲ್ಲ ಮೂಸಿ ಕೊಡ್ತೀರ, ನಮ್ಮ ಬೀದಿ ಏನ್ ಪಾಪ ಮಾಡಿತ್ತು?"

ಸಾಹೇಬರು ಪೈಪು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಕುಡಿಯಕ್ಕೆ ಅಂದಿದ್ರಾ ಮೇಷ್ಟ್ರೇ?"

ಅವರ ಧ್ವನಿಯಲ್ಲಿ ಸವಾಲಿರಲಿಲ್ಲ. ಬಾಗಿಲು ತೆರೆದು ಹಿಡಿದಿದ್ದರು, ಅಷ್ಟೆ, ನಾನು ದಾಟಬಹುದಿತ್ತು. ನಾನು ಕೆಮ್ಮಿದೆ. ಚೆನ್ನಾಗಿ, ಬಹಳ ಹೊತ್ತು ಕೆಮ್ಮಿದೆ.

ಅವರು ಕೆಮ್ಮು ಮುಗಿಯುವವರೆಗೆ ಕಾದರು. ಆಮೇಲೆ ಅಮ್ಮನ ಕಡೆ ತಿರುಗಿ, "ನಾನೇ ಕೇಳೋದು ಮರ್ತೆ ಅನ್ಸುತ್ತಮ್ಮಾ. ವಯಸ್ಸಾಯ್ತು ನೋಡಿ. ತಪ್ಪಾಯ್ತು. ಮಗು ಹೇಗಿದೆ ಈಗ?" ಅಂದರು.

ಬಿಳಿ ಸುರುಳಿ ಹೊರಬಂತು. ಮೊಳ ಪೈಪು ಮೆಟ್ಟಿಲ ಮೇಲೆ ಮಲಗಿತು. ಟ್ಯಾಂಕಿನ ನೀರನ್ನೆಲ್ಲ ಖಾಲಿ ಮಾಡಿ, ಮೂರು ಸಲ ತೊಳೆದು ತುಂಬಿಸಿ ಎಂದು ಅಮ್ಮನಿಗೆ ವಿವರಿಸಿದರು. ನಾನು ಹಸಿರು ಪೈಪನ್ನು ಅವರ ಮೇಜಿನ ಮೇಲಿಡಲು ಹೋದೆ. ಅವರು ಅದನ್ನು ಮೆಲ್ಲಗೆ ನನ್ನತ್ತ ತಳ್ಳಿದರು.

"ಇಟ್ಕೊಳ್ಳಿ ಮೇಷ್ಟ್ರೇ. ದಾಸವಾಳಕ್ಕೆ ಬೇಕಾಗುತ್ತೆ."

ಪಕ್ಕದಲ್ಲಿದ್ದ ಅಮ್ಮನಿಗೆ ಅದು ಉಪಚಾರದ ಮಾತಾಗಿ ಕೇಳಿಸಿತು.

ಮರುದಿನವೇ ನರ್ಸರಿಯಿಂದ ಒಂದು ದಾಸವಾಳದ ಗಿಡ ತಂದು ಗೇಟಿನ ಬಳಿ ನೆಟ್ಟೆ. ಹೀಗೆ ಮಾಡಿದರೆ ಸುಳ್ಳು ಹಿಂದಿನ ದಿನಾಂಕದಿಂದ ನಿಜವಾಗುವುದೆಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ಆದರೂ ನೆಟ್ಟೆ.

ಸಾಹೇಬರಿಗೆ ಮರೆವು ಬಂದಿದೆಯಂತೆ ಎಂಬ ಮಾತು ವಾರದೊಳಗೆ ನಾನು ಕಾಫಿ ಕುಡಿಯುವ ಹೋಟೆಲಿಗೆ ಬಂತು. "ಮೂಗೂ ಹೋಯ್ತಂತೆ" ಅಂದರು ಒಬ್ಬರು. ನಾನು ಸಕ್ಕರೆ ಕರಗಿದ ಮೇಲೂ ಕಾಫಿ ಕದಡುತ್ತ ಕೂತಿದ್ದೆ. ಬಸ್ ಸ್ಟ್ಯಾಂಡಿನ ಬಳಿ ಹೊಸದೊಂದು ಪೈಪಿನ ಅಂಗಡಿ ಆಗಿತ್ತು. ಅಲ್ಲಿ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ನಮ್ಮ ಬೀದಿಯವರು ಅಲ್ಲಿಗೆ ಹೋಗತೊಡಗಿದರು. ಸಾಹೇಬರ ಮೆಟ್ಟಿಲ ಮೇಲೆ ಬಿಸಿಲು ಕಾಯುವ ಪೈಪಿನ ತುಂಡುಗಳು ಕಡಿಮೆಯಾದವು.

ಸತ್ಯ ಹೇಳಿಬಿಡಬೇಕೆಂದು ನಾನು ಎಷ್ಟೋ ಸಲ ಆ ಅಂಗಡಿಗೆ ಹೋದೆ. ಹೋದವನನ್ನು ಅವರು, "ಬಿಳಿ ಪೈಪ್ ಹೇಗಿದೆ ಮೇಷ್ಟ್ರೇ? ಮುಚ್ಚಳ ಹಾಕ್ತಾ ಇದ್ದೀರಾ?" ಎಂದು ವಿಚಾರಿಸುವರು. ನಾನು "ಹೂಂ" ಎಂದು, ಬಂದದ್ದಕ್ಕೊಂದು ಕಾರಣ ಬೇಕಲ್ಲ, ಒಂದು ವಾಷರ್ ಕೊಂಡು ಮರಳುವೆ. ನಮ್ಮ ಮನೆಯ ಒಂದು ಡ್ರಾಯರ್ ತುಂಬ ವಾಷರ್, ಕ್ಲಿಪ್ಪು, ಯಾವ ನಲ್ಲಿಗೂ ಹೊಂದದ ತಿರುಪುಗಳಿವೆ. ನನ್ನ ಹೆಂಡತಿ ಅದನ್ನು ನಿವೃತ್ತಿಯ ಹವ್ಯಾಸ ಎಂದುಕೊಂಡಿದ್ದಾಳೆ. ಒಂದೊಂದು ವಾಷರೂ ನಾನು ಆಡದೆ ನುಂಗಿದ ಒಂದೊಂದು ಮಾತು.

ಕಳೆದ ವರ್ಷ ರಂಜಾನ್ ಮುಗಿದ ಮರುವಾರ ಸಾಹೇಬರು ತೀರಿಕೊಂಡರು. ಹೋಗಿ, ಗುಂಪಿನ ಹಿಂದೆ ನಿಂತೆ. ಅವರ ಮನೆಯ ಮುಂದೆ, ಬಂದವರಿಗೆ ಕುಡಿಯಲು ನೀರಿನ ಡ್ರಮ್ ಇಟ್ಟಿದ್ದರು. ಪಕ್ಕದ ಗೂಟಕ್ಕೆ ಬಿಳಿ ಪೈಪು ತೂಗುಹಾಕಿತ್ತು, ಎರಡೂ ತುದಿಗೆ ಮುಚ್ಚಳ. ನನಗೆ ನೀರು ಬೇಕಿತ್ತು, ಕುಡಿಯಲಾಗಲಿಲ್ಲ.

ಈ ವರ್ಷ ನಮ್ಮ ಬೀದಿಯ ಪೈಪು ಗಡುಸಾಗಿ ಸೀಳುಬಿಟ್ಟಿತು. ಅಂಗಡಿಯಲ್ಲೀಗ ಅವರ ಮಗಳು ಕೂರುತ್ತಾಳೆ. ಬೆಳಿಗ್ಗೆಯೇ ಹೋದೆ.

"ಬನ್ನಿ ಸಾರ್. ಕುಡಿಯಕ್ಕಾ, ಗಿಡಕ್ಕಾ?"

"ಕುಡಿಯಕ್ಕಮ್ಮ."

ಅವಳು ಸುರುಳಿ ತಂದು, ಕಣ್ಣು ಮುಚ್ಚಿ ಮೂಸಿ, ಮತ್ತೆ ಕೇಳಿದಳು: "ಕುಡಿಯಕ್ಕೇ ತಾನೇ ಸಾರ್?"

"ಎರಡ್ಸಲ ಯಾಕಮ್ಮ ಕೇಳ್ತೀಯ?"

"ನಮ್ಮ ಅಬ್ಬಾ ಕಲ್ಸಿದ್ದು. ಒಂದ್ಸಲ ಕೇಳೋದು ಮರ್ತು ಯಾವ್ದೋ ಬೀದಿ ನೀರನ್ನೇ ಕೆಡಿಸಿಬಿಟ್ರಂತೆ. ಬಂದೋರಿಗೆಲ್ಲ ಹೇಳೋರು ಸಾರ್. ಮೊದಲು ದೋಣಿ ಕತೆ, ಆಮೇಲೆ ಈ ಕತೆ."

ತಮ್ಮ ಒಂದು ತಪ್ಪಿನ ಪಕ್ಕದಲ್ಲಿ ಅವರು ನನ್ನದನ್ನೂ ತಮ್ಮದೆಂದು ಕೂರಿಸಿಕೊಂಡಿದ್ದರು.

"ಯಾವ ಬೀದಿ ಅಂತ ಹೇಳಿದ್ರಾ?"

"ಇಲ್ಲ ಸಾರ್. ಕೇಳಿದ್ರೆ, ಬಿಡಮ್ಮಾ ಅನ್ನೋರು. ಸರಿ, ಸಂಜೆ ಬನ್ನಿ ನೀವು."

ನಾನು ಮನೆಗೆ ಹೋಗಲಿಲ್ಲ. ಅಂಗಡಿಯ ಬೆಂಚಿನ ಮೇಲೆ ಕೂತು ಮೆಟ್ಟಿಲ ಮೇಲಿನ ತುಂಡನ್ನು ಕಾದೆ. ಸಂಜೆ ಅವಳು ಲೋಟ ಕೊಟ್ಟಳು. ನೀರು ಬಿಸಿಲಿಗೆ ಬೆಚ್ಚಗಿತ್ತೇ ಹೊರತು ವಾಸನೆಯಿರಲಿಲ್ಲ. ಲೋಟ ಕೆಳಗಿಟ್ಟು ಹೇಳಿದೆ: "ಅವತ್ತು ನಿಮ್ಮ ತಂದೆ ಮರೆತಿರ್ಲಿಲ್ಲಮ್ಮ. ಕೇಳಿದ್ರು. ಗಿಡಕ್ಕೆ ಅಂತ ಸುಳ್ಳು ಹೇಳಿದೋನು ನಾನು."

ಅವಳು ಸುರುಳಿಯ ಮೇಲೊಮ್ಮೆ ಕೈಯಾಡಿಸಿದಳು.

"ಹಾಗಾದ್ರೆ ಇನ್ಮೇಲೆ ಒಂದೇ ಸಲ ಕೇಳ್ಲಾ ಸಾರ್?"

"ಬೇಡಮ್ಮ. ಎರಡು ಸಲಾನೇ ಕೇಳು. ನನ್ನಂಥೋರು ಇನ್ನೂ ಇರ್ತಾರೆ."

ಅವಳು ನಗಲಿಲ್ಲ. "ನಂಗೆ ಹೇಳಿದ್ರಿ. ಬೀದಿಗೆ ಹೇಳಿದ್ದೀರಾ?" ಅಂದಳು. ತರಗತಿಯಲ್ಲಿ ನಾನು ಕೇಳುತ್ತಿದ್ದ ಧಾಟಿಯಲ್ಲೇ ಕೇಳಿದಳು.

ಮರುದಿನ ಟ್ಯಾಂಕರ್ ಬಂದಾಗ, ಬಿಂದಿಗೆ ಹಿಡಿದು ನಿಂತವರ ಮುಂದೆ, ಹಾರವಿಲ್ಲದೆ, ಅಧ್ಯಕ್ಷರ ಎರಡು ಮಾತು ಆಡಿದೆ. ಈ ಸಲ ಅವು ಎರಡೇ ಮಾತಾದವು. ಎದುರುಮನೆಯ ಅಮ್ಮ ಬಿಂದಿಗೆ ಕೆಳಗಿಟ್ಟರು.

"ಆರು ವರ್ಷ ಆ ಅಂಗಡಿ ಮೆಟ್ಲು ಹತ್ತಿಲ್ಲ ನಾನು. ಎದುರಿಗೆ ಸಿಕ್ಕಿದ್ರೂ ಮಾತಾಡ್ಸಿಲ್ಲ. ಅವ್ರಿದ್ದಾಗ ಹೇಳಿದ್ರೆ, ಹೋಗಿ ಒಂದು ಮಾತು ತಪ್ಪಾಯ್ತು ಅಂತಿದ್ನಲ್ಲಪ್ಪಾ" ಅಂದರು. ನನ್ನ ವಯಸ್ಸಿನವನನ್ನು ಮಗುವನ್ನು ಕೇಳುವಂತೆ ಕೇಳಿದರು. "ಈಗ ಯಾರಿಗ್ ಹೇಳ್ಲಿ ನಾನು?"

ಈ ಸಲ ನಾನು ಕೆಮ್ಮಲಿಲ್ಲ.

ಹೊಸ ಪೈಪನ್ನು ಟ್ಯಾಂಕರಿಗೆ ಸಿಕ್ಕಿಸಿ, ಮೊದಲ ಎರಡು ಬಿಂದಿಗೆ ನೀರನ್ನು, ಅವರು ಹೇಳುತ್ತಿದ್ದಂತೆಯೇ, ಗೇಟಿನ ಬಳಿಯ ದಾಸವಾಳಕ್ಕೆ ಬಿಟ್ಟೆ.