ಅರ್ಧ ಬೆರಳು ಕುಗ್ಗಬೇಕಾದ ಆಟಗಾರ

ಇಲೊಇಲೊ ಊರಿನ ಮೊಲೊ ಚೌಕದ ಹಿಂದಿನ ಕಾಂಕ್ರೀಟ್ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ಡೆಲ್‌ರಾಯ್ ಪಿಕೆನ್ಸ್ ಅಕ್ಕಿಮೂಟೆಯೊಂದನ್ನು ಕತ್ತಿನ ಹಿಂದೆ ಅಡ್ಡಲಾಗಿ ಹೊತ್ತು ಈ ಬುಟ್ಟಿಯ ಕೆಳಗಿನಿಂದ ಆ ಬುಟ್ಟಿಯ ಕೆಳಗೆ ಹೋಗುತ್ತಾರೆ, ತಿರುಗುತ್ತಾರೆ, ಮತ್ತೆ ಬರುತ್ತಾರೆ. ಬೋಳಿಸಿದ ತಲೆಯಿಂದ ಇಳಿದ ಬೆವರು ಗಡ್ಡದ ತುದಿಯಲ್ಲಿ ಒಂದು ಕ್ಷಣ ನಿಂತು ನೆಲಕ್ಕೆ ಬೀಳುತ್ತಿದೆ. ಬ್ರೆಡ್ಡು ಮಾರುವವನು ಸೈಕಲ್ ನಿಲ್ಲಿಸಿ, ಒಂದು ಕಾಲು ಊರಿ ನೋಡುತ್ತಾನೆ.

"ಮನೊಂಗ್, ಅಕ್ಕಿ ಯಾರ ಮನೆಗೆ?"

ಅಣ್ಣ ಎಂದು ಕರೆದು ಕೇಳುವ ಅವನಿಗೆ ಉತ್ತರ ಗೊತ್ತು. ಓಣಿಗೆಲ್ಲ ಗೊತ್ತು. ಆದರೂ ಕೇಳದೆ ಹೋದರೆ ಅವನಿಗೆ ಬ್ರೆಡ್ಡು ಮಾರಿದಂತೆ ಆಗುವುದಿಲ್ಲ.

"ಯಾರ ಮನೆಗೂ ಇಲ್ಲ ಮಾರಾಯ. ನನ್ನನ್ನೇ ಸ್ವಲ್ಪ ಕೆಳಗೆ ಇಳಿಸ್ತಾ ಇದೀನಿ."

"ಸೊಂಟದವರೆಗೆ ಹೂತು ಹಾಕಿದ್ರೂ ನೀವು ನನಗಿಂತ ಎತ್ತರಾನೇ ಬಿಡಿ," ಎಂದು ಅವನು ಪೆಡಲ್ ತುಳಿಯುತ್ತಾನೆ.

ಅಂಕಣದ ಅಂಚಿನ ಸಿಮೆಂಟ್ ಬೆಂಚಿನಲ್ಲಿ ಪಾಸಿಂಗ್ ಎಂಬಾಕೆ ಕೂತಿದ್ದಾರೆ. ಓಣಿಯಲ್ಲಿ ಎಲ್ಲರಿಗೂ ಅವರು ನನಾಯ್, ಅಂದರೆ ಅಮ್ಮ. ಉಳುಕಿದ ಕಾಲು, ಹಿಡಿದುಕೊಂಡ ಕತ್ತು, ಬಾಣಂತಿಯರ ಸೊಂಟ, ಎಲ್ಲವನ್ನೂ ತೆಂಗಿನೆಣ್ಣೆ ಹಚ್ಚಿ ತಿಕ್ಕಿ ಸರಿ ಮಾಡುವುದು ಅವರ ಕಸುಬು. ಇವತ್ತು ಅವರ ಕೆಲಸ ಅದರ ತಿರುವುಮುರುವು. ಡೆಲ್‌ರಾಯ್ ಎಲ್ಲೂ ಒರಗದಂತೆ, ಮಲಗದಂತೆ ಕಾಯುವುದು. ಮಲಗಿದರೆ ಬೆನ್ನುಮೂಳೆ ಸಡಿಲವಾಗಿ ಮನುಷ್ಯ ಉದ್ದವಾಗುತ್ತಾನೆ ಎಂದು ಅವರು ನಿನ್ನೆಯಿಂದ ಕಂಡಕಂಡವರಿಗೆಲ್ಲ ಹೇಳುತ್ತಿದ್ದಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಎಲ್ಲರೂ ಬೆಳಿಗ್ಗೆ ಇದ್ದಷ್ಟು ಉದ್ದ ಸಂಜೆಗೆ ಇರುವುದಿಲ್ಲ. ಉಳಿದವರು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಅಷ್ಟೆ.

ಡೆಲ್‌ರಾಯ್‌ಗೆ ಇವತ್ತು ಅದೇ ಲೆಕ್ಕ. ಇಲ್ಲಿನ ಲೀಗಿನಲ್ಲಿ ತಂಡಕ್ಕೊಬ್ಬ ವಿದೇಶಿ ಆಟಗಾರ ಮಾತ್ರ. ಅವನು ಬರಿಗಾಲಲ್ಲಿ ಆರಡಿ ಐದಿಂಚು ದಾಟುವಂತಿಲ್ಲ. ದ್ವೀಪದ ಹುಡುಗರ ತಲೆಯ ಮೇಲೆ ಅಮೆರಿಕದವರು ಕೈಚಾಚಿ ಆಟವನ್ನೆಲ್ಲ ನುಂಗಿಬಿಡಬಾರದೆಂದು ಹಿಂದೆ ಯಾರೋ ಮಾಡಿದ ನಿಯಮ. ಸೀಸನ್ ಶುರುವಾಗುವ ಮುಂಚೆ ಎಲ್ಲರನ್ನೂ ಅಳತೆಗೋಲಿನ ಕೆಳಗೆ ನಿಲ್ಲಿಸುತ್ತಾರೆ. ಕಳೆದ ವರ್ಷ ಡೆಲ್‌ರಾಯ್ ನಿರಾಯಾಸವಾಗಿ ಪಾಸಾಗಿದ್ದರು. ನಿನ್ನೆ ಬೆಳಿಗ್ಗೆ ಗೆರೆಗಿಂತ ಅರ್ಧ ಬೆರಳಿನಗಲ ಹೆಚ್ಚು ಬಂತು. ಮರು ಅಳತೆಗೆ ಒಂದೇ ಅವಕಾಶ. ಅದು ಇವತ್ತು ಮಧ್ಯಾಹ್ನ ನಾಲ್ಕಕ್ಕೆ. ತಪ್ಪಿದರೆ ಮನಿಲಾದ ಹೋಟೆಲೊಂದರಲ್ಲಿ ಆಗಲೇ ಬಂದು ಕೂತಿರುವ, ಇಪ್ಪತ್ತಾರರ, ಅಳತೆಗೆ ಸರಿಯಾಗಿರುವ ಇನ್ನೊಬ್ಬ ಅಮೆರಿಕನ್ ಸಂಜೆಯ ವಿಮಾನ ಹತ್ತುತ್ತಾನೆ.

ಕೆಲಸ ಹೋದರೆ ಇನ್ನೊಂದು ಸಿಗುತ್ತದೆ, ಡೆಲ್‌ರಾಯ್‌ಗೆ ಅದು ಹೊಸದಲ್ಲ. ಹೊಸದು ಬೇರೆ ಇದೆ. ಅಲಬಾಮಾದ ಕಾಲೇಜು ಬಿಟ್ಟು ಹೊರಟ ಈ ಹದಿನೈದು ವರ್ಷಗಳಲ್ಲಿ ಯಾವ ತಂಡವೂ ಅವರನ್ನು ಎರಡನೇ ಸಲ ಕರೆದಿರಲಿಲ್ಲ. ಇಲೊಇಲೊದ ನೂಡಲ್ಸ್ ಕಾರ್ಖಾನೆಯವರ ಈ ಹಬಾಗತ್ ತಂಡ ಕರೆದಿದೆ. ಜಗತ್ತಿನಲ್ಲಿ ಒಂದೇ ಒಂದು ಕಡೆ ಎರಡನೇ ವರ್ಷ ಆಡಬೇಕು. ಮೂಟೆ ಹೊತ್ತಿರುವುದು ಅದಕ್ಕೆ.

"ನಾನು ಯಾರದೋ ಮಂಡಿ ಮುರಿದಾಗ ನೆನಪಾಗೋ ಆಟಗಾರ," ಎನ್ನುತ್ತಾರೆ, ಯಾರನ್ನೂ ದೂರುವ ದನಿಯಲ್ಲಲ್ಲ. "ಫೋನ್ ಬಂದ್ರೆ ಮೊದಲು ಕೇಳೋದು, ಪಾಪ ಯಾರಿಗೆ ಏನಾಯ್ತು ಅಂತ."

ಮಂಗೋಲಿಯಾಕ್ಕೆ ಹೋಗಿ ಇಳಿದಾಗ ಪಂದ್ಯ ಶುರುವಾಗಲು ಒಂದು ಗಂಟೆಯಷ್ಟೇ ಇತ್ತು. ಕಾಲು ಮುರಿದುಕೊಂಡವನ ಅಂಗಿಯನ್ನೇ ಕೊಟ್ಟು, ಬೆನ್ನ ಮೇಲಿದ್ದ ಅವನ ಹೆಸರಿಗೆ ಬಿಳಿ ಟೇಪು ಅಂಟಿಸಿದರು. ಆಟದ ನಡುವೆ ಬೆವರಿಗೆ ಟೇಪು ಬಿಚ್ಚಿತು. ಜನ ಕೊನೆಯವರೆಗೂ ಆ ಇನ್ನೊಬ್ಬನ ಹೆಸರನ್ನೇ ಕೂಗಿ ಹುರಿದುಂಬಿಸಿದರು. "ಚೆನ್ನಾಗಿ ಆಡಿದೆ. ಅವನಿಗೆ ಒಳ್ಳೆ ಹೆಸರು ಬಂತು." ಫಿನ್ಲೆಂಡಿನ ಸಣ್ಣ ಊರಿನಲ್ಲಿ ತಂಡದ ಬಸ್ಸು ಓಡಿಸುತ್ತಿದ್ದವರೇ ಕೋಚ್. ಸೋತರೆ ದಾರಿಯುದ್ದಕ್ಕೂ ರೇಡಿಯೊ ಹಾಕುತ್ತಿರಲಿಲ್ಲ. ಉರುಗ್ವೆಯಲ್ಲಿ ಬಾಡಿಗೆ ಮನೆಯ ಯಜಮಾನತಿ ಭಾನುವಾರದ ಊಟಕ್ಕೆ ಕರೆಯಲು ಶುರುಮಾಡಿ ಇನ್ನೂ ಮೂರು ವಾರ ಆಗಿರಲಿಲ್ಲ, ಮೂಲ ಆಟಗಾರ ಗುಣವಾಗಿ ಬಂದ. ಲೆಬನಾನ್, ಸೈಪ್ರಸ್, ತೈವಾನ್. ಕೇಳಿದರೆ ಊರುಗಳಿಗಿಂತ ಹೆಚ್ಚಾಗಿ ಬಾಗಿಲುಗಳು ಅವರಿಗೆ ನೆನಪಾಗುತ್ತವೆ, ಎಲ್ಲಿ ಎಷ್ಟು ಬಗ್ಗಬೇಕಿತ್ತು ಎಂದು.

ಈ ಕಸುಬಿನಲ್ಲಿ ಎತ್ತರವೆಂದರೆ ಮೊದಲ ಸುಳ್ಳು. ಕಾಲೇಜಿನವರು ಬೂಟು ಸಮೇತ ಅಳೆದು, ಇನ್ನೂ ಒಂದಿಂಚು ದಾನ ಮಾಡಿ, ಅವರನ್ನು ಆರಡಿ ಏಳಿಂಚು ಮಾಡಿದ್ದರು. ಯುರೋಪಿನ ಏಜೆಂಟರು ಅದನ್ನೇ ಮಾರಿದರು. ಇಲ್ಲಿಗೆ ಬಂದಾಗ ಮಾತ್ರ ಸುಳ್ಳಿನ ದಿಕ್ಕು ಬದಲಾಯಿತು. ಬೇರೆಲ್ಲ ಕಡೆ ಹಿಮ್ಮಡಿ ಎತ್ತುವ ಗಂಡಸರು ಇಲ್ಲಿ ಬಂದು ಕತ್ತು ಒಳಗೆಳೆದುಕೊಳ್ಳುತ್ತಾರೆ.

ಆದರೆ ಮೂವತ್ತೆಂಟರ ಪ್ರಾಯದಲ್ಲಿ ಮನುಷ್ಯ ಬೆಳೆಯುವುದು ಹೇಗೆ? ಇದಕ್ಕೆ ಉತ್ತರ ಬೆಂಚಿನ ಮೇಲೆ ಕೂತಿದೆ.

ಕಳೆದ ಸೀಸನ್ ಮುಗಿದಾಗ ಡೆಲ್‌ರಾಯ್ ನಡು ಹಿಡಿದುಕೊಂಡು ಪ್ರಶ್ನಾರ್ಥಕ ಚಿಹ್ನೆಯಂತೆ ನಡೆಯುತ್ತಿದ್ದರು. ಎದುರಾಳಿಯ ದಾರಿಗೆ ಕಂಬದಂತೆ ನಿಂತು ಅವನ ಓಟವನ್ನು ಎದೆಯ ಮೇಲೆ ತೆಗೆದುಕೊಳ್ಳುವುದು ಅವರ ಪಾಲಿನ ಕೆಲಸ. ಆ ಸಂದಿಯಲ್ಲಿ ತಂಡದ ನಾಯಕ ನೊನೊಯ್ ಸೊರೊಂಗೊನ್ ನುಗ್ಗಿ ಚೆಂಡು ಹಾಕುತ್ತಾನೆ, ಜನ ನೊನೊಯ್ ಹೆಸರು ಕೂಗುತ್ತಾರೆ. ಆ ನೊನೊಯ್‌ನೇ ಅವರನ್ನು ನನಾಯ್ ಪಾಸಿಂಗ್ ಮನೆಗೆ ಕರೆದೊಯ್ದ. ಹಾಸಿಗೆ ಸಾಲದೆ ನನಾಯ್ ಅವರ ಕಾಲ ಕೆಳಗೆ ಎರಡು ಸ್ಟೂಲು ಇಟ್ಟು ಮಲಗಿಸಿಕೊಂಡು, ಮಳೆಗಾಲವಿಡೀ ಆ ಬೆನ್ನನ್ನು ತಿಕ್ಕಿದರು. ತಿಕ್ಕಿ ಆದ ಮೇಲೆ ತೊಗರಿಕಾಳು, ಹಲಸಿನಕಾಯಿ, ಹಂದಿಮಾಂಸದ ಸಾರು, ಅನ್ನ. ವರ್ಷಗಟ್ಟಲೆ ಗಂಟು ಹಾಕಿಕೊಂಡಿದ್ದ ಬೆನ್ನು ಬಿಟ್ಟುಕೊಂಡಿತು. ಡೆಲ್‌ರಾಯ್ ನೆಟ್ಟಗೆ ನಡೆದರು. ಓಣಿಯವರೆಲ್ಲ ಮೆಚ್ಚಿದರು. ಒಬ್ಬರಿಗೂ ಅಳತೆಗೋಲು ನೆನಪಾಗಲಿಲ್ಲ.

ನಿನ್ನೆ ಸುದ್ದಿ ಬಂದಾಗಿನಿಂದ ನನಾಯ್‌ಗೆ ಅರ್ಧ ಸಂಕಟ, ಅರ್ಧ ಹೆಮ್ಮೆ. ಯಾವುದು ಯಾವಾಗ ಮೇಲೆ ಬರುತ್ತದೋ ಅವರಿಗೇ ತಿಳಿಯದು.

"ಕೆಲಸ ಕೆಟ್ಟದಾಗಿ ಮಾಡಿದ್ರೆ ಬೈಸ್ಕೋಬೇಕು, ಸರಿ. ಚೆನ್ನಾಗಿ ಮಾಡಿದ್ದಕ್ಕೂ ಹೀಗಾದ್ರೆ ನಾನೇನು ಮಾಡ್ಲಿ?" ಎಂದು ಮೊದಲು ಗೊಣಗುತ್ತಾರೆ. ಮರುಗಳಿಗೆ ಮೂಟೆ ಇಳಿಸಲು ನೋಡಿದ ಡೆಲ್‌ರಾಯ್‌ಗೆ ಗದರುತ್ತಾರೆ. "ತೊತೊ, ಯಾರು ಹೇಳಿದ್ದು ಇಳಿಸೋಕೆ?"

ತೊತೊ ಎಂದರೆ ಪುಟ್ಟ. ಆ ಪುಟ್ಟ ಮತ್ತೆ ಮೂಟೆಯನ್ನು ಮೇಲಕ್ಕೆ ಸರಿಸಿಕೊಳ್ಳುತ್ತಾನೆ.

ಬಿಸಿಲು ಏರುವ ಹೊತ್ತಿಗೆ ನನಾಯ್ ಇನ್ನೊಂದು ದಾರಿ ಕಂಡುಕೊಂಡಿದ್ದಾರೆ. ಡೆಲ್‌ರಾಯ್ ಅವರ ಬಲಗಾಲನ್ನು ಮಡಿಲಿಗೆ ಎಳೆದುಕೊಂಡು, ಒರಟು ಕಲ್ಲಿನಿಂದ ಹಿಮ್ಮಡಿಯ ದಡ್ಡುಗಟ್ಟಿದ ಚರ್ಮವನ್ನು ಉಜ್ಜಿ ತೆಗೆಯುತ್ತಿದ್ದಾರೆ. ಒಂಟಿಕಾಲಲ್ಲಿ ನಿಂತ ಡೆಲ್‌ರಾಯ್ ಬುಟ್ಟಿಯ ಕಂಬ ಹಿಡಿದುಕೊಂಡು ಹಲ್ಲು ಕಚ್ಚಿದ್ದಾರೆ. ಇದು ಎಲ್ಲೆಲ್ಲಿ ಓಡಿ ಬೆಳೆಸಿಕೊಂಡ ಚರ್ಮ ಅಂತ ನಿಮಗೆ ಗೊತ್ತಾ ಎಂದು ಅವರು ನರಳಿದರೆ, ಯಾವ ದೇಶದ್ದಾದರೂ ಇರಲಿ, ಇಲ್ಲಿ ಬೇಡ ಎಂದು ನನಾಯ್ ಇನ್ನಷ್ಟು ಒತ್ತಿ ಉಜ್ಜುತ್ತಾರೆ.

ಹತ್ತರ ಸುಮಾರಿಗೆ ತಂಡದ ಮ್ಯಾನೇಜರ್ ಕಾರಿನಲ್ಲಿ ಬರುತ್ತಾರೆ. ಅವರ ಕೈಯಲ್ಲಿ ದೊಗಳೆ ಪ್ಯಾಂಟಿದೆ. ಇದನ್ನು ಹಾಕಿಕೊಂಡು ಒಳಗೆ ಮಂಡಿಯನ್ನು ಚೂರೇ ಚೂರು ಬಗ್ಗಿಸಿದರೆ ಸಾಕು, ಎಷ್ಟೋ ಜನ ಹಾಗೇ ಪಾಸಾಗಿದ್ದಾರೆ, ತಲೆ ಕೆಡಿಸಿಕೊಳ್ಳಬೇಡ ಎಂದು ಸಮಾಧಾನ ಹೇಳುತ್ತಾರೆ. ಡೆಲ್‌ರಾಯ್ ಪ್ಯಾಂಟನ್ನು ತೆಗೆದುಕೊಂಡು ಮಡಚಿ ವಾಪಸ್ ಕೊಡುತ್ತಾರೆ.

"ಹದಿನೈದು ವರ್ಷ, ನಾನು ಇರೋದಕ್ಕಿಂತ ಉದ್ದ ಅಂತ ಸುಳ್ಳು ನಡೀತು, ಸಾರ್. ಅದು ನಾನು ಹೇಳಿದ್ದಲ್ಲ, ಬೇರೆಯವರು ಹೇಳಿದ್ರು, ನಾನು ಸುಮ್ಮನಿದ್ದೆ. ಗಿಡ್ಡ ಅಂತ ಸುಳ್ಳು ಹೇಳೋಕೆ ನಾನೇ ಮಂಡಿ ಬಗ್ಗಿಸ್ಬೇಕು. ಅದಾಗಲ್ಲ."

ಮ್ಯಾನೇಜರ್ ಮುಖ ಸಣ್ಣದು ಮಾಡಿಕೊಂಡು ಹೋದ ಸ್ವಲ್ಪ ಹೊತ್ತಿಗೆ ನೊನೊಯ್ ಬರುತ್ತಾನೆ. ಹಿಂದೆ ಜೀಪ್ನಿಯಿಂದ, ಇಲ್ಲಿನ ಉದ್ದನೆಯ ಬಾಡಿಗೆ ಜೀಪಿನಿಂದ, ಇಡೀ ತಂಡ ಇಳಿಯುತ್ತದೆ. ಮೂಟೆ, ಕಲ್ಲು, ನನಾಯ್ ಎಲ್ಲವನ್ನೂ ನೋಡಿ ನೊನೊಯ್ ಸೊಂಟಕ್ಕೆ ಕೈ ಇಟ್ಟುಕೊಳ್ಳುತ್ತಾನೆ.

"ನೀವೇನು ಬಂದರಿನ ಹಮಾಲಿನಾ ಮನೊಂಗ್? ಮೂಟೆ ಹೊತ್ತು ಕುಗ್ಗೋದು ಅವರ ಕೆಲಸ. ನಿಮ್ಮ ಕೆಲಸದಲ್ಲಿ ನೀವು ಕುಗ್ಗಿ. ಚೆಂಡು ತಗೊಳ್ಳಿ."

ಯೋಚನೆ ಹುಚ್ಚುಹುಚ್ಚಾಗಿದ್ದರೂ ತಪ್ಪಿಲ್ಲ. ಒಳಾಂಗಣದ ಮರದ ನೆಲ ಮೆತ್ತಗೆ, ಜಿಗಿದು ಇಳಿದರೆ ಪೆಟ್ಟನ್ನು ತಾನೇ ನುಂಗುತ್ತದೆ. ಕಾಂಕ್ರೀಟು ನುಂಗುವುದಿಲ್ಲ, ಇಡೀ ಪೆಟ್ಟನ್ನು ಹಿಮ್ಮಡಿಯಿಂದ ತಲೆಗೆ ವಾಪಸ್ ಕಳಿಸುತ್ತದೆ. ಸುಡುವ ಬಿಸಿಲಿನಲ್ಲಿ ಅವರು ಆಡಲು ಶುರುಮಾಡುತ್ತಾರೆ. ಪ್ರತಿ ಚೆಂಡೂ ಡೆಲ್‌ರಾಯ್ ತಲೆಯ ಮೇಲಕ್ಕೆ. ಜಿಗಿ, ಹಿಡಿ, ಇಳಿ. ತಪ್ಪಿದ ಚೆಂಡು ಬುಟ್ಟಿಗೆ ಬಡಿದು ಮರಳಿದರೆ ಅದಕ್ಕೂ ಅವರೇ ಜಿಗಿಯಬೇಕು, ಉಳಿದವರು ಕೈಕಟ್ಟಿ ನಿಲ್ಲುತ್ತಾರೆ. ಚೌಕದ ಸುತ್ತ ಜೀಪ್ನಿಗಳು ನಿಧಾನವಾಗುತ್ತವೆ. ಕಿಟಕಿಯಿಂದ ತಲೆ ಹಾಕಿದ ಒಬ್ಬಾಕೆ ಇನ್ನೂ ಉದ್ದ ಕಾಣಿಸ್ತೀಯಪ್ಪಾ ಎಂದು ಮರುಗುತ್ತಾಳೆ. ಸಾಕು ಸಾಕು, ನಮ್ಮ ನೊನೊಯ್‌ಗಿಂತ ಗಿಡ್ಡ ಆಗಿಬಿಟ್ಟೀಯ ಎಂದು ಇನ್ನೊಬ್ಬ. ಮಧ್ಯಾಹ್ನದ ಬಾಚೊಯ್ ಬಟ್ಟಲನ್ನು ಡೆಲ್‌ರಾಯ್ ನಿಂತೇ ಹೀರಿ ಮುಗಿಸುತ್ತಾರೆ, ಬಿಸಿ ಸಾರು, ನೂಡಲ್ಸು, ಮೇಲೊಂದು ಮೊಟ್ಟೆ. ಬಟ್ಟಲು ಕೊಟ್ಟು ಮತ್ತೆ ಅಂಕಣಕ್ಕೆ.

ನೋಡುತ್ತಿದ್ದರೆ ಒಂದು ಸಂಗತಿ ತಿಳಿಯುತ್ತದೆ. ಈ ಮನುಷ್ಯ ಚೆಂಡು ಹಾಕುವಾಗ ಯಾರೂ ಉಸಿರು ಹಿಡಿಯುವುದಿಲ್ಲ. ಆದರೆ ಅವರು ನಿಂತ ಕಡೆಯಿಂದ ಅಂಕಣವೆಲ್ಲ ಹೊಸದಾಗಿ ಜೋಡಿಸಿಕೊಳ್ಳುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಯಾರಿಗೋ ದಾರಿ ಬಿಡುತ್ತದೆ. ಬೇರೆಬೇರೆ ಭಾಷೆಯ ತಂಡಗಳಲ್ಲಿ, ಒಬ್ಬರ ಹೆಸರೂ ತಿಳಿಯುವ ಮುಂಚೆ ಆಡಿ ಕಲಿತ ವಿದ್ಯೆ ಅದು.

ನಾಲ್ಕು ಗಂಟೆ. ಒಳಾಂಗಣ ಕ್ರೀಡಾಂಗಣದ ಮೂಲೆಯಲ್ಲಿ ಉಕ್ಕಿನ ಅಳತೆಗೋಲು. ಅದರ ಪಕ್ಕ ಲೀಗಿನ ಅಳತೆಗಾರ ಗುಸ್ತಿಲೊ, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು. ಡೆಲ್‌ರಾಯ್ ತೊಡೆಮಟ್ಟದ ಚಡ್ಡಿಯಲ್ಲಿ ಬಂದು, ಬರಿಗಾಲಲ್ಲಿ ಹಲಗೆಯ ಮೇಲೆ ನಿಲ್ಲುತ್ತಾರೆ. ಗುಸ್ತಿಲೊ ಮೊದಲು ನೋಡುವುದು ತಲೆಯನ್ನಲ್ಲ, ಮಂಡಿಯನ್ನು. ಹಿಂದೆ ಬಂದು ಮಂಡಿಯ ಮಡಿಕೆಗೆ ಅಂಗೈ ಒತ್ತುತ್ತಾರೆ. ಕೋಲಿನಂತೆ ನೆಟ್ಟಗಿದೆ. ಕತ್ತು ಎತ್ತು ಎನ್ನುತ್ತಾರೆ. ಎತ್ತಿಯೇ ಇದೆ. ಇಷ್ಟು ನೆಟ್ಟಗೆ ನಿಂತವನನ್ನು ಎಂದೂ ನೋಡಿಲ್ಲದ ಅವರು ಅದಕ್ಕೇ ಅನುಮಾನ ಬಂದಂತೆ ಇನ್ನೊಂದು ಸುತ್ತು ಬರುತ್ತಾರೆ.

ನನಾಯ್ ಪಾಸಿಂಗ್ ಬಾಗಿಲಿನ ಬಳಿ ನಿಂತಿದ್ದಾರೆ. ಆ ಬೆನ್ನನ್ನು ನೋಡಿ ಅವರ ಮುಖದಲ್ಲಿ ಮೊದಲು ಬಂದದ್ದು ಹೆಮ್ಮೆಯೇ.

ಅಡ್ಡಪಟ್ಟಿ ಇಳಿಯುತ್ತದೆ. ಬೋಳುತಲೆಗೆ ತಾಗುತ್ತದೆ. ಗುಸ್ತಿಲೊ ಕನ್ನಡಕ ಇಳಿಸಿ ಓದುತ್ತಾರೆ, ಸ್ಟೂಲು ತರಿಸಿ ಹತ್ತಿ ಇನ್ನೊಮ್ಮೆ ಓದುತ್ತಾರೆ. ಪಟ್ಟಿ ಸರಿಯಾಗಿ ಗೆರೆಗೇ ಕೂತಿದೆ. ಮೇಲೂ ಇಲ್ಲ, ಕೆಳಗೂ ಇಲ್ಲ. ನಿಯಮದಲ್ಲಿರುವುದು ದಾಟಬಾರದು ಎಂದು ಮಾತ್ರ.

"ಇಳಿಯಪ್ಪ," ಎನ್ನುತ್ತಾರೆ ಗುಸ್ತಿಲೊ. "ಹೋಗಿ ಮಲ್ಕೊ."

ನೊನೊಯ್ ಓಡಿ ಬಂದು ಅವರ ಬೆನ್ನೇರುತ್ತಾನೆ. ಡೆಲ್‌ರಾಯ್ ಬೆನ್ನ ಮೇಲೆ ಅವನಿದ್ದಂತೆಯೇ ಮರದ ನೆಲಕ್ಕೆ ಬೋರಲಾಗಿ ಮಲಗುತ್ತಾರೆ. ನಿನ್ನೆ ಬೆಳಿಗ್ಗೆಯಿಂದ ಇದೇ ಮೊದಲ ಸಲ. ನನಾಯ್ ಬಂದು ನೊನೊಯ್‌ನ ಕಿವಿ ಹಿಡಿದು ಎಬ್ಬಿಸಿ, ಪಕ್ಕದಲ್ಲಿ ಕೂತು, ತಮ್ಮ ಉಡುಪಿನ ಜೇಬಿನಿಂದ ಎಣ್ಣೆಯ ಸೀಸೆ ತೆಗೆಯುತ್ತಾರೆ. ಎರಡೂ ಹೆಬ್ಬೆರಳು ನಡುವಿಗೆ ಇಳಿದಾಗ ಡೆಲ್‌ರಾಯ್ ಬಾಯಿಂದ ಬಂದ ಸದ್ದು ಯಾವ ಭಾಷೆಯದೂ ಅಲ್ಲ.

"ಇನ್ನು ಎಷ್ಟು ಬೇಕಾದ್ರೂ ಬೆಳಿ, ತೊತೊ," ಎನ್ನುತ್ತಾರೆ ನನಾಯ್.

ಮರುದಿನ ತಂಡದ ಮೊದಲ ಅಭ್ಯಾಸ. ಅಂಕಣದ ನಡುವಿನ ವೃತ್ತದಲ್ಲಿ ಎಲ್ಲರೂ ನಿಂತಿದ್ದಾರೆ. ವಾಡಿಕೆಯಂತೆ ಹೊಸಬರು ಒಂದು ಹೆಜ್ಜೆ ಮುಂದೆ ಬಂದು ತಮ್ಮ ಹೆಸರು, ಊರು, ಎಲ್ಲಿ ಆಡುತ್ತಿದ್ದರು ಎಂದು ಹೇಳಬೇಕು. ಈ ವರ್ಷ ಮೂವರು ಹೊಸಬರು. ಕೋಚ್ ಸಾಲಿನಲ್ಲಿ ಬರುತ್ತಾ ಡೆಲ್‌ರಾಯ್ ಅವರನ್ನು ದಾಟಿ, ನಿಲ್ಲದೆ, ಪಕ್ಕದವನ ಹತ್ತಿರ ಹೋಗುತ್ತಾರೆ. ಡೆಲ್‌ರಾಯ್ ಆಗಲೇ ಅಭ್ಯಾಸಬಲದಿಂದ ಬಾಯಿ ತೆರೆದಿದ್ದರು. ಮುಚ್ಚುತ್ತಾರೆ.

ಅಭ್ಯಾಸ ಮುಗಿದ ಮೇಲೆ, ಬೂಟಿನ ದಾರ ಬಿಚ್ಚುತ್ತಾ, ಈ ಸೀಸನ್‌ನಲ್ಲಿ ಏನಾಗಬೇಕೆಂದು ಆಸೆ ಎಂದು ಕೇಳಿದರೆ ಅವರು ಗೆಲುವಿನ ಮಾತೆತ್ತುವುದಿಲ್ಲ. ಗಂಟು ಬಿಡಿಸಿ ಬೂಟು ಕಳಚುತ್ತಾರೆ.

"ಆಗಲೇ ಆಗಿದ್ದನ್ನ ಹೇಳ್ಲಾ? ಇಷ್ಟು ದೇಶದಲ್ಲಿ ಆಡಿದೀನಿ, ಮೊದಲ ದಿನ ನನ್ನ ಹೆಸರು ಕೇಳದೆ ಇದ್ದಿದ್ದು ಇಲ್ಲಿ ಮಾತ್ರ."