ಪ್ರಾಪ್ತಿಯ ಗಾಳಕ್ಕೆ ಯಾರೂ ಕೈ ಹಾಕಬೇಡಿ

ನನ್ನ ಮೊಮ್ಮಗಳು ಮೀನು ಹಿಡಿದಳು!

ಸಣ್ಣದಲ್ಲ ಮಾರಾಯ್ರೆ, ಸಾಲ್ಮನ್. ನನ್ನ ತೋಳಿಗಿಂತ ಉದ್ದ. ಬೆಳ್ಳಿ ತಟ್ಟೆಯ ಹಾಗೆ ಮಿನುಗುವ ಮೈ, ಬೆನ್ನ ಮೇಲೆ ಕಪ್ಪು ಚುಕ್ಕೆ. ಒಂಟಾರಿಯೋ ಲೇಕಿನ ನಡುವಿನಿಂದ (ಆಚೆ ದಡವೇ ಕಾಣದ ನೀರನ್ನು ಲೇಕ್ ಅನ್ನುತ್ತಾರಲ್ಲ, ಇವರಿಗೆ ಸಮುದ್ರ ಅಂದರೆ ಎಷ್ಟು ದೊಡ್ಡದಿರಬೇಕೋ!) ತನ್ನದೇ ಎರಡು ಕೈಯಲ್ಲಿ ಎಳೆದು ತಂದಳು. ಅವಳ ಗಾಳಕ್ಕೆ ಬೇರೆ ಯಾರ ಬೆರಳೂ ತಾಗಲಿಲ್ಲ.

ಈ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದಾಗಲಿಲ್ಲ. ಊರಿನಲ್ಲಿರುವ ತಂಗಿಗೆ ಫೋನ್ ಮಾಡಿ ಹೇಳಿದೆ. ಒಶಾವಾದ ನಮ್ಮ ರಸ್ತೆಯಲ್ಲಿ ನಾಯಿ ತಿರುಗಾಡಿಸುವ ಹೆಂಗಸಿಗೆ ಕೈ ಅಗಲಿಸಿ ತೋರಿಸಿ ಹೇಳಿದೆ. ಹಲ್ಲಿನ ಡಾಕ್ಟರಿಗೆ ಬಾಯಿ ತೆರೆದುಕೊಂಡೇ ಹೇಳಿದೆ. ಈಗ ಬರೆಯುವಾಗಲೂ ಕೂರಲು ಆಗುತ್ತಿಲ್ಲ. ನಾಲ್ಕು ಸಾಲು ಬರೆದು ಎದ್ದು ಅಡುಗೆಮನೆಗೆ ಹೋಗುತ್ತೇನೆ, ಯಾಕೆ ಬಂದೆ ಅಂತ ಮರೆತು ವಾಪಸು ಬರುತ್ತೇನೆ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು ನಾನು. ಖುಷಿಗೆ ಅಕ್ಷರ ಅತ್ತಿತ್ತ ಆದರೆ ಪತ್ರಿಕೆಯ ಸಂಪಾದಕರು ತಿದ್ದಿಕೊಳ್ಳಲಿ.

ಒಂದು ಮೀನಿಗೆ ಇಷ್ಟು ಗಲಾಟೆಯಾ ಅಂತ ಕೇಳುತ್ತೀರಿ. ಹೇಳುತ್ತೇನೆ.

ಪ್ರಾಪ್ತಿಗೆ ಹನ್ನೊಂದು ವರ್ಷ. ನಮ್ಮ ಮನೆಯಲ್ಲಿ ಅವಳಿಗೊಂದು ಹೆಸರು ಬಿದ್ದಿತ್ತು: ಅರ್ಧಕ್ಕೆ ಬಿಡುವವಳು. ಈಜು ಅರ್ಧ. ವಯಲಿನ್ ಅರ್ಧ. ಡ್ಯಾನ್ಸ್ ಅರ್ಧಕ್ಕಿಂತಲೂ ಕಡಿಮೆ.

ಆದರೆ ಅವಳು ಬಿಟ್ಟದ್ದೋ, ನಾವು ಬಿಡಿಸಿದ್ದೋ?

ಹೋದ ವರ್ಷ ಶಾಲೆಯಲ್ಲಿ ಐಸ್‌ಕ್ರೀಂ ಕಡ್ಡಿಯಿಂದ ಸೇತುವೆ ಕಟ್ಟಿ ತರಲು ಹೇಳಿದ್ದರು. ಅವಳು ಕಂಬ ನಿಲ್ಲಿಸುವಷ್ಟರಲ್ಲಿ ಅವಳಪ್ಪ ಬಂದ. ನನ್ನ ಅಳಿಯ ಮಧು, ಮೈಸೂರಿನವನು, ಕಾರಿನ ಪಾರ್ಟ್ಸ್ ಮಾಡುವ ಕಡೆ ಇಂಜಿನಿಯರು. (ಚಿನ್ನದಂಥ ಹುಡುಗ. ಆದರೆ ಬೇರೆಯವರು ಸ್ಕ್ರೂ ತಿರುಗಿಸುವುದನ್ನು ನೋಡುತ್ತ ಸುಮ್ಮನೆ ನಿಲ್ಲಲು ಅವನಿಂದ ಆಗುವುದಿಲ್ಲ.) "ಹಂಗಲ್ಲ ಪುಟ್ಟಿ, ಕೊಡಿಲ್ಲಿ," ಅಂದ. ಸೇತುವೆ ಅಂದರೆ ಸೇತುವೆ! ಕ್ಲಾಸಿಗೇ ಫಸ್ಟ್ ಬಂತು. ಪ್ರಾಪ್ತಿ ಅದನ್ನು ಮನೆಗೆ ತರಲೇ ಇಲ್ಲ. ಎಲ್ಲಿ ಮಗಾ ಅಂತ ಕೇಳಿದರೆ, "ಇಟ್ಸ್ ಅಪ್ಪಾಸ್. ಹೀ ಕ್ಯಾನ್ ಗೋ ಗೆಟ್ ಇಟ್," ಅಂತ ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನೇನು ಕಡಿಮೆಯೇ? ಅವಳ ಜಾಕೆಟಿನ ಜಿಪ್ಪು ಕಂಡರೆ ಸಾಕು, ನನ್ನ ಕೈ ತಾನಾಗಿ ಹೋಗುತ್ತದೆ.

ಹೀಗಿರುವಾಗ ಬಲ್ಬೀರನ ಫೋನ್ ಬಂತು. ಬಲ್ಬೀರ್ ಮಧುವಿನ ದೋಸ್ತ್, ಇಲ್ಲಿಂದ ಒಂದು ಗಂಟೆ ದಾರಿಯ ಮಾಲ್ಟನ್‌ನ ಸರ್ದಾರ್, ಟ್ರಕ್ ಓಡಿಸುತ್ತಾನೆ. ಬೇಸಿಗೆ ಬಂದರೆ ಅವನ ಪ್ರಾಣ ಇರುವುದು ಲೇಕಿನಲ್ಲಿ, ತನ್ನ ಬೋಟಿನಲ್ಲಿ. ಆದರೆ ಮೀನು ತಿನ್ನುವುದಿಲ್ಲ! ಮೊಟ್ಟೆ ಕೂಡ ಮುಟ್ಟದ ಮನುಷ್ಯ ಹಿಡಿದದ್ದನ್ನೆಲ್ಲ ಊರಿಗೆ ಹಂಚುತ್ತಾನೆ. ಆದಿತ್ಯವಾರ ಎಲ್ಲರೂ ಬನ್ನಿ ಅಂದ.

ಪ್ರಾಪ್ತಿ ಒಂದು ಷರತ್ತು ಹಾಕಿದಳು. "ಯಾರಾದ್ರೂ ನನ್ನ ರಾಡ್ ಟಚ್ ಮಾಡಿದ್ರೆ ಇಟ್ಸ್ ನಾಟ್ ಮೈ ಫಿಶ್. ಐ'ಲ್ ಲೆಟ್ ಇಟ್ ಗೋ."

ಮಧು ನಕ್ಕ. "ಐಯಾಮ್ ಸೀರಿಯಸ್, ಅಪ್ಪಾ. ಆಮೇಲೆ ನಿಮ್ಮ ಜೊತೆ ಎಲ್ಲಿಗೂ ಬರಲ್ಲ, ಎವರ್." ಅವಳ ಗಲ್ಲ ನೋಡಿದೆ. ಕಲ್ಲು. ಈ ಹುಡುಗಿ ಹಿಡಿದ ಮೀನನ್ನು ನಿಜಕ್ಕೂ ನೀರಿಗೆ ಬಿಡುವವಳೇ ಅಂತ ಗೊತ್ತಾಯಿತು. ಮೀನು ಹೋದರೆ ಹೋಗಲಿ. ಹುಡುಗಿ ನಮ್ಮ ಕೈ ತಪ್ಪಿದರೆ?

ಹಾಗಾಗಿ, ಮಧುವಿನ ಕೈಯ ಮೇಲೆ ಕಣ್ಣಿಡಲು, ಆದಿತ್ಯವಾರ ಬೆಳಿಗ್ಗೆ ನಾನೂ ಬೋಟು ಹತ್ತಿದೆ. ನಗಬೇಡಿ, ಆಯುಷ್ಯವಿಡೀ ಬುಟ್ಟಿ ಹೊತ್ತು ಮೀನು ಮಾರಿದವಳು ಬೋಟಿಗೆ ಕಾಲಿಟ್ಟದ್ದು ಇದೇ ಮೊದಲು. ನಮ್ಮಲ್ಲಿ ಕಡಲಿಗೆ ಹೋಗುವವರು ಗಂಡಸರು, ದಡದಲ್ಲಿ ಕಾಯುವವರು ನಾವು. ನನಗೆ ಗೊತ್ತಿರುವುದು ಸತ್ತ ಮೀನು ಮಾತ್ರ.

ಇಲ್ಲಿಯ ಈ ಟ್ರೋಲಿಂಗ್ ನಮ್ಮೂರ ಟ್ರಾಲ್ ಬೋಟಿನ ಹಾಗೆ ಬಲೆ ಎಳೆಯುವುದಲ್ಲ. ಬೋಟಿನ ಅಂಚಿನಲ್ಲಿ ಸಾಲಾಗಿ ಗಾಳದ ರಾಡ್ ಸಿಕ್ಕಿಸುತ್ತಾರೆ. ದಾರದ ತುದಿಯಲ್ಲಿ ಚಮಚದಂಥ ಹೊಳೆಯುವ ತಗಡು. ದಾರವನ್ನು ಒಂದು ಭಾರದ ಸೀಸದ ಉಂಡೆಗೆ ಕ್ಲಿಪ್ಪಿನಿಂದ ಸಿಕ್ಕಿಸಿ, ತಣ್ಣಗಿನ ಆಳದ ನೀರಿಗೆ ಇಳಿಸುತ್ತಾರೆ. ಆಮೇಲೆ ಬೋಟು ಮೆಲ್ಲಗೆ ಹೋಗುತ್ತಲೇ ಇರಬೇಕು. ಎಷ್ಟು ಮೆಲ್ಲಗೆ? ಮದುವೆಯಲ್ಲಿ ಊಟದ ಹಾಲಿಗೆ ಹೋಗುವ ಕ್ಯೂ ಇದಕ್ಕಿಂತ ಜೋರು. ತಗಡು ಸಣ್ಣ ಮೀನಿನ ಹಾಗೆ ಓಲಾಡಿದರೆ ಟ್ರೌಟೋ ಸಾಲ್ಮನ್ನೋ ಬಂದು ಕಚ್ಚುತ್ತದೆ, ಕ್ಲಿಪ್ಪು ಬಿಟ್ಟುಕೊಳ್ಳುತ್ತದೆ. ಕಚ್ಚುವವರೆಗೆ? ಕಾಯುವುದು.

ಕಾಯುವ ಕೆಲಸಕ್ಕೆ ನನ್ನಂಥವಳನ್ನು ಕರೆದುಕೊಂಡು ಹೋಗುತ್ತಾರಾ? ಸೀಟು ಒರೆಸಿದೆ. ಹಗ್ಗ ಸುತ್ತಿಟ್ಟೆ. ಇನ್ನೊಮ್ಮೆ ಸೀಟು ಒರೆಸಿದೆ. ಪ್ರಾಪ್ತಿಯ ಟೋಪಿ ಸರಿಮಾಡಲು ಹೋಗಿ ಬೈಸಿಕೊಂಡೆ. "ಬೀಜಿ, ಬೈಠ್ ಜಾಯಿಯೇ," ಅಂತ ಬಲ್ಬೀರ್ ಕೈ ಮುಗಿದ (ಬೀಜಿ ಅಂದರೆ ಅವರಲ್ಲಿ ಅಮ್ಮ). ಕೂತೆ. ಎದ್ದೆ. ಡಬ್ಬಿ ತೆಗೆದು ಎಲ್ಲರಿಗೂ ಬನ್ಸ್ ಹಂಚಿದೆ.

ಅಲ್ಲೇ ಎಡವಟ್ಟಾದದ್ದು. ಬಲ್ಬೀರ್ ಬನ್ಸ್ ತಿಂದ, ಇನ್ನೊಂದು ಕೇಳಿದ, ಮತ್ತೂ ಒಂದು ತಿಂದ. ಬಾಯಿ ಒರೆಸಿಕೊಂಡು, "ಇದರಲ್ಲಿ ಎಂಥದು ಸಿಹಿ ಬೀಜಿ?" ಅಂತ ಹಿಂದಿಯಲ್ಲಿ ಕೇಳಿದ.

"ಕೇಲಾ," ಅಂದೆ ಹೆಮ್ಮೆಯಿಂದ. ಬಾಳೆಹಣ್ಣಿಲ್ಲದೆ ಬನ್ಸ್ ಮಾಡುವುದುಂಟೇ?

ಸರ್ದಾರನ ಮುಖ ಬಿಳುಚಿತು. "ಕೇಲಾ? ಬೋಟ್ ಪೇ ಕೇಲಾ?!"

ಈ ಲೇಕಿನಲ್ಲಿ ಬೋಟು ನಡೆಸುವವರ ಪ್ರಕಾರ ಬಾಳೆಹಣ್ಣು ಮಹಾ ಅಪಶಕುನವಂತೆ. ಬೋಟಿನಲ್ಲಿ ಬಾಳೆಹಣ್ಣಿದ್ದರೆ ಮೀನು ಹತ್ತಿರ ಸುಳಿಯುವುದಿಲ್ಲವಂತೆ. ನಾವು ದೇವರಿಗೆ ಇಡುವ ಹಣ್ಣು ಇವರಿಗೆ ಶನಿ! ಮಧು ಹಿಂದಿಯಲ್ಲೇ ಇಂಜಿನಿಯರ್ ತಲೆ ಓಡಿಸಿದ: "ನೋಡಿ ಪಾಜಿ, ಹೊಟ್ಟೆ ಒಳಗೆ ಹೋದ್ಮೇಲೆ ಅದು ಬೋಟಲ್ಲಿ ಇದೆ ಅಂತ ಲೆಕ್ಕಾನಾ, ಇಲ್ವಾ?" ಬಲ್ಬೀರ್ ಹೊಟ್ಟೆ ಮುಟ್ಟಿಕೊಂಡು ಗಂಭೀರವಾಗಿ ಯೋಚಿಸಿದ. ಉಳಿದ ಬನ್ಸುಗಳನ್ನು ಬೇಗ ಬೇಗ ತಿಂದು ಮುಗಿಸಿ ಅಂತ ಅಪ್ಪಣೆಯಾಯಿತು.

ತಿಂದೆವು. ಮೀನು ಬರಲಿಲ್ಲ. ಬಿಸಿಲು ಏರಿತು. ಪ್ರಾಪ್ತಿ ರಾಡಿನ ತುದಿಯನ್ನೇ ನೋಡುತ್ತಿದ್ದಳು. ಇವತ್ತು ಇವಳಿಗೆ ಮೀನು ಸಿಗದಿದ್ದರೆ ಅದಕ್ಕೆ ನನ್ನ ಬನ್ಸೇ ಕಾರಣ ಅಂತ ಖಾಲಿ ಡಬ್ಬಿಯನ್ನು ಸೀಟಿನಡಿಗೆ ತಳ್ಳಿದೆ.

ಆಗ ಟಕ್ ಅಂತ ಕ್ಲಿಪ್ಪು ಬಿಟ್ಟಿತು. ಬಾಗಿದ್ದ ರಾಡು ನೆಟ್ಟಗಾಯಿತು, ಮರುಕ್ಷಣವೇ ಬಿಲ್ಲಿನಂತೆ ಬಗ್ಗಿತು.

"ಮೈನ್!" ಅಂತ ಪ್ರಾಪ್ತಿ ಹಾರಿ ಹಿಡಿದಳು. ದಾರ ಚರಚರ ಬಿಚ್ಚಿಕೊಂಡು ಓಡಿತು. ಎಳೆದು ಇಷ್ಟು ಸುತ್ತಿದರೆ ಮೀನು ಅದರ ಎರಡರಷ್ಟು ಎಳೆದುಕೊಂಡು ಹೋಗುತ್ತದೆ. ಬಲ್ಬೀರ್ ಸ್ಟಿಯರಿಂಗ್ ಬಿಡುವ ಹಾಗಿಲ್ಲ. ಉಳಿದ ಗಾಳಗಳು ಸಿಕ್ಕಾಗದ ಹಾಗೆ ಮಧು ಒಂದೊಂದಾಗಿ ಮೇಲೆ ಎಳೆಯಬೇಕು. ಉಳಿದವಳು ಯಾರು? ಉದ್ದ ಹಿಡಿಯ ಬಲೆ ನನ್ನ ಕೈಗೆ ಬಂತು.

"ನೆಟ್ ಪಾನೀ ಮೇ ರಖೋ ಬೀಜಿ. ಹಿಲಾನಾ ನಹೀ!" ಬಲೆಯನ್ನು ನೀರಿನಲ್ಲಿ ಹಿಡಿದು ಅಲ್ಲಾಡದೆ ನಿಲ್ಲಬೇಕು. ಪ್ರಾಪ್ತಿ ಮೀನನ್ನು ಅದರ ಮೇಲೆ ತರುತ್ತಾಳೆ. ತಲೆ ಒಳಗೆ ಬಂದ ಮೇಲಷ್ಟೇ ಎತ್ತುವುದು.

ಅಲ್ಲಾಡದೆ! ನಾನು!

ಮೀನು ಮೊದಲ ಸಲ ಹತ್ತಿರ ಬಂತು, ಬೆಳ್ಳಿಯ ಮಿಂಚು. ನನ್ನ ಕೈ ತಡೆಯಲಿಲ್ಲ. ಬಲೆ ಬೀಸಿದೆ. ನೀರು ಚಿಮ್ಮಿತು, ಮೀನು ಬೆದರಿ ಬೋಟಿನಡಿಗೆ ನುಗ್ಗಿ ಆಳಕ್ಕೆ ಓಡಿತು. ಅವಳು ಕಷ್ಟಪಟ್ಟು ಸುತ್ತಿದ ದಾರವೆಲ್ಲ ಮತ್ತೆ ನೀರಿನಲ್ಲಿ.

"ಅಜ್ಜೀ! ಯು ಹ್ಯಾಡ್ ಒನ್ ಜಾಬ್!"

ಮಧುವಿನ ಕೆಲಸ ಮುಗಿದಿತ್ತು. ಮಗಳ ಹಿಂದೆ ಬಂದು ನಿಂತ ಅವನ ಕೈಗಳು ಎರಡು ಸಲ ಮುಂದೆ ಬಂದು ಹಿಂದೆ ಹೋದವು. ಕೊನೆಗೆ ಎರಡನ್ನೂ ಲೈಫ್ ಜಾಕೆಟ್ಟಿನೊಳಗೆ ತುರುಕಿಕೊಂಡ. ಪ್ರಾಪ್ತಿಯ ತೋಳು ಸೋತಿತು. ಕಣ್ಣಲ್ಲಿ ನೀರು. ಸುತ್ತುವುದು ನಿಂತಿತು.

"ಅಜ್ಜಿ, ನೀವು ತಗೊಳ್ಳಿ. ಪ್ಲೀಸ್. ಐ ಕಾಂಟ್."

ನೋಡಿ, ಅವಳೇ ಕೊಡುತ್ತಿದ್ದಾಳೆ. ಇನ್ನೇನು ಬೇಕು? ರಾಡು ನನ್ನ ಮೊಣಕೈ ಹತ್ತಿರವೇ ಇದೆ. ಆ ಕೆಂಪು ಕಣ್ಣು ನೋಡಿ ಯಾವ ಅಜ್ಜಿಯ ಕೈ ಸುಮ್ಮನಿರುತ್ತದೆ? ನಾನು ಹಿಡಿದರೆ ಮೀನು ಬೋಟಿಗೆ ಬರಬಹುದು. ಆದರೆ ಅದು ಇನ್ನೊಂದು ಸೇತುವೆ.

"ನನ್ನ ಕೈ ಖಾಲಿ ಇಲ್ಲ ಮಗಾ," ಅಂದೆ. "ನಾನು ನೆಟ್ ಹಿಡ್ಕೊಂಡಿದ್ದೇನಲ್ಲ. ಬಿಡ್ಲಿಕ್ಕೆ ಆಗುದಿಲ್ಲ."

ಅವಳು ಅಪ್ಪನ ಕಡೆ ತಿರುಗಿದಳು. ಮಧು (ಅವನ ಹೊಟ್ಟೆ ತಣ್ಣಗಿರಲಿ) ಲೇಕಿನ ಕಡೆ ಮುಖ ಮಾಡಿ, "ನಂಗೂ ಆಗಲ್ಲ ಪುಟ್ಟಿ. ಈ ಗಾಳ ಎಲ್ಲ ಜೋಡಿಸಿಡಬೇಕು," ಅಂದ. ಜೋಡಿಸಲು ಅಲ್ಲಿ ಒಂದೂ ಉಳಿದಿರಲಿಲ್ಲ.

ಪ್ರಾಪ್ತಿಯ ಬಾಯಿಂದ ಒಂದು ಇಂಗ್ಲಿಷ್ ಶಬ್ದ ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ. ಮೂಗನ್ನು ಭುಜಕ್ಕೆ ಒರೆಸಿಕೊಂಡಳು. ರಾಡಿನ ಬುಡವನ್ನು ಹೊಟ್ಟೆಗೆ ಒತ್ತಿದಳು. ಮೇಲೆತ್ತಿದಳು, ಬಗ್ಗಿಸುತ್ತ ಸುತ್ತಿದಳು. ಮತ್ತೆ ಎತ್ತಿದಳು, ಮತ್ತೆ ಸುತ್ತಿದಳು.

ನಾನು ಬಲೆ ಹಿಡಿದು ನಿಂತೆ. ಕಾಲು ಜೋಮು ಹಿಡಿಯಿತು, ಕೂದಲು ಬಾಯಿಗೆ ಬಂತು, ಮೂಗು ತುರಿಸಿತು. ಅಲ್ಲಾಡಲಿಲ್ಲ. ಅಡ್ಡ ಮಲಗಿದ ಮೀನು ಮೆಲ್ಲಗೆ ಬಂತು. ಬಾಲ ಕಂಡಿತು. ಸುಮ್ಮನಿದ್ದೆ. ತಿರುಗಿತು. ತಲೆ ಬಲೆಯ ಮೇಲೆ ಬಂತು.

"ನೌ, ಅಜ್ಜಿ! ನೌ!"

ಎತ್ತಿದೆ. ಏನು ಭಾರ! ಮಧು ಹಾರಿ ಬಂದು ಬಲೆಯ ಹಿಡಿಗೆ ಕೈ ಕೊಟ್ಟ. (ಬಲೆ ಮುಟ್ಟಬಾರದು ಅಂತ ಷರತ್ತು ಇರಲಿಲ್ಲ!) ಮೀನು ಬೋಟಿನೊಳಗೆ ಧಡ್ ಅಂತ ಬಿತ್ತು. ಪ್ರಾಪ್ತಿ ಅದರ ಪಕ್ಕದಲ್ಲೇ ಕುಸಿದು ಕೂತಳು. ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು.

"ಇಸ್ ಇಟ್ ಮೈನ್?"

"ನಿನ್ನದೇ!" ಅಂದೆವು ನಾನೂ ಮಧುವೂ. ಬಲ್ಬೀರನಿಗೆ ಕನ್ನಡ ಬರುವುದಿಲ್ಲ, ಆದರೂ ಎಲ್ಲರಿಗಿಂತ ಜೋರಾಗಿ ಕೂಗಿದ್ದು ಅವನೇ.

ನಮ್ಮ ಕನ್ನಡದ ಮನೆಗಳಲ್ಲಿ ಎಷ್ಟು ನೋಡಿಲ್ಲ ನಾನು? ಹುಡುಗನಿಗೆ ಹೆಸರು ಕೇಳಿದರೆ ಅಮ್ಮ ಹೇಳುತ್ತಾಳೆ. ಹುಡುಗಿಯ ಸೈಕಲ್ಲನ್ನು ಅಪ್ಪನೇ ತಳ್ಳುತ್ತಾನೆ. ಆಮೇಲೆ ಹದಿನೆಂಟಕ್ಕೆ ಕೂರಿಸಿಕೊಂಡು, ನಿನಗೆ ಏನೂ ಬರುವುದಿಲ್ಲ ಅಂತ ಬೈಯುತ್ತೇವೆ. ಬರುವುದು ಎಲ್ಲಿಂದ?

ಸಂಜೆ ಆ ಮೀನಿನ ಪುಳಿಮುಂಚಿ ಮಾಡಿದೆ, ನಮ್ಮೂರ ಹುಳಿಖಾರದ ಸಾರು. ನನ್ನ ಮಗಳು ಶ್ವೇತಾ ಶಿಫ್ಟ್ ಮುಗಿಸಿ ಬಂದು, ಬಟ್ಟೆ ಕೂಡ ಬದಲಿಸದೆ ಟೇಬಲ್ಲಿಗೆ ಕೂತಳು. ಮುಳ್ಳಿಗೆ ಹೆದರುವ ಮಧು ಕುಚ್ಚಲಕ್ಕಿ ಅನ್ನ ಕಲಸಿ ತುತ್ತಿನ ಮೇಲೆ ತುತ್ತು ಹಾಕಿದ. ಬಲ್ಬೀರನಿಗೆ ಬೇರೆ ಪಾತ್ರೆಯಲ್ಲಿ ಬೇಳೆ ತೊವ್ವೆ. ಪ್ರಾಪ್ತಿಯ ಬಾಯಿ ಒಂದು ಕಡೆ ತಿನ್ನುತ್ತ, ಒಂದು ಕಡೆ ಅಮ್ಮನಿಗೆ ಎಲ್ಲ ಹೇಳುತ್ತ ಇತ್ತು. ಮೀನು ಪ್ರತಿ ಸಲವೂ ಒಂದಿಷ್ಟು ದೊಡ್ಡದಾಗುತ್ತ ಹೋಯಿತು.

"ಅವಳು ಅಷ್ಟು ಅಳುವಾಗ ನಿಮಗೆ ಪಾಪ ಕಾಣ್ಲಿಲ್ವಾ ಅಮ್ಮ?" ಅಂತ ಶ್ವೇತಾ ಮೆಲ್ಲಗೆ ಕೇಳಿದಳು.

"ಕಂಡಿತು ಮಾರಾಯ್ತಿ. ಎಂತ ಮಾಡುದು, ಬಲೆ ಗಟ್ಟಿ ಹಿಡ್ಕೊಂಡೆ."

ಅಷ್ಟರಲ್ಲಿ ಪ್ರಾಪ್ತಿ ಇನ್ನೊಂದು ಪೀಸಿಗೆ ತಟ್ಟೆ ಚಾಚಿದಳು. ಮಧು ಎದ್ದ. "ಅತ್ತೆ, ನೀವು ಬೆಳಿಗ್ಗೆಯಿಂದ ನಿಂತೇ ಇದ್ದೀರ. ಕೂತ್ಕೊಳ್ಳಿ, ನಾನು ಬಡಿಸ್ತೀನಿ," ಅಂತ ಸೌಟಿಗೆ ಕೈ ಹಾಕಿದ.

"ಸೌಟು ಮುಟ್ಟಬೇಡಿ!" ಅಂತ ನಾನು ಕಿರುಚಿದ್ದು ಮಾಲ್ಟನ್‌ವರೆಗೆ ಕೇಳಿರಬೇಕು. ಎಲ್ಲರೂ ತಟ್ಟೆ ಬಿಟ್ಟು ನಗಲು ಶುರುಮಾಡಿದರು.

ನಗಲಿ ಬಿಡಿ. ಸೌಟಿಗೆ ಬೇರೆಯವರು ಕೈ ಹಾಕಿದ ಮೇಲೆ ಅದು ನನ್ನ ಸಾರು ಹೇಗಾಗುತ್ತದೆ, ನೀವೇ ಹೇಳಿ?