ಗೆಲ್ಲುತ್ತಿದ್ದ ಹಾಯಿದೋಣಿ ತಿರುಗಿದ್ದು

ಗೆಳೆಯರೇ, ಇವತ್ತು ಲಕ್ಕವಳ್ಳಿ ಹಿನ್ನೀರಿನಲ್ಲಿ ನಮ್ಮ ಹಾಯಿದೋಣಿ ಪಂದ್ಯ ಗೆಲ್ಲುವುದರಲ್ಲಿತ್ತು. ಇದ್ದದ್ದೇ ಮೂರು ದೋಣಿ, ಎಲ್ಲರೂ ಭಾನುವಾರದ ಹವ್ಯಾಸಿಗಳು. ನಮ್ಮ ದೋಣಿಗೆ ಅಜ್ಜಂಪುರದ ನಿವೃತ್ತ ಪಿ.ಟಿ. ಟೀಚರ್ ಗಿರಿಜಕ್ಕ ನಾಯಕಿ. ಹಾಯಿಯ ಹಗ್ಗ ಹಿಡಿಯುವವರು ತರೀಕೆರೆಯ ಟೈಲರ್ ನಯಾಜ್ ಭಾಯಿ. ಆ ಹಾಯಿ ಹೊಲಿದವರೂ ಅವರೇ. ಕಡೂರಿನ ನಾನು, ಗಾಳಿಗೆ ದೋಣಿ ವಾಲದಂತೆ ಅತ್ತಿತ್ತ ಸರಿದು ಕೂರುವವನು.

"ಹಗ್ಗ ಬಿಗಿ ಹಿಡೀರಿ! ನಗಾಡ್ಬೇಡಿ!" ಎಂದು ಗಿರಿಜಕ್ಕ ಶುರುವಿನಿಂದಲೂ ಕೂಗುತ್ತಲೇ ಇದ್ದರು.

ಕೊನೆಗೆ ನಯಾಜ್ ಭಾಯಿ ಬೇಸತ್ತು, "ಟೀಚರೇ, ವಾರವೆಲ್ಲ ಗಿರಾಕಿಗಳ ಹತ್ರ ಬೈಸ್ಕೊಂಡು ಇಲ್ಲಿಗೆ ಬತ್ತೀನಿ. ಇಲ್ಲೂ ಬೈದ್ರೆ ಮುಂದಿನ ವಾರ ನಾನ್ ಬರಲ್ಲ ಕಣ್ರೀ," ಎಂದರು. ನನಗೆ ನಿಜಕ್ಕೂ ಭಯವಾಯಿತು. ಅವರಿಲ್ಲದೆ ನಮ್ಮ ತಂಡವೇ ಇಲ್ಲ.

ಆಗಲೇ ಬಲಗಡೆ ನೀರುನಾಯಿಯೊಂದು ತಲೆಯೆತ್ತಿತು. ಅದರ ಹಿಂದೆ ಎರಡು ಮರಿ. ಗಿರಿಜಕ್ಕ ಗುರಿಯ ಬಾವುಟ ನೋಡಿದರು, ಮರಿಗಳನ್ನು ನೋಡಿದರು, ಆಮೇಲೆ ಚುಕ್ಕಾಣಿಯನ್ನು ಮರಿಗಳ ಕಡೆಗೇ ತಿರುಗಿಸಿದರು.

"ಹಗ್ಗ ಸಡ್ಲ ಬಿಡಿ ಭಾಯಿ, ಮೆಲ್ಲಗೆ ಹೋಗಣ."

ಹಿಂದಿದ್ದ ದೋಣಿಯವರು ನಮ್ಮನ್ನು ದಾಟುತ್ತ, "ಏನಾಯ್ತು ಟೀಚರೇ, ಸೋತ್ರಾ?" ಎಂದು ಕೂಗಿದರು.

"ಲೇ, ಮೆತ್ತಗ್ ಮಾತಾಡ್ರೋ, ಮರಿ ಹೆದರ್ತಾವೆ!" ಎಂದರು ಗಿರಿಜಕ್ಕ. ನಯಾಜ್ ಭಾಯಿ ನಕ್ಕ ನಗುವಿಗೆ ದೋಣಿಯೇ ಅಲ್ಲಾಡಿತು.

ಮೂರನೆಯವರಾಗಿ ದಡ ಸೇರಿದೆವು. ಭಾಯಿ ಮುಂದಿನ ವಾರವೂ ಬರುತ್ತಾರಂತೆ. ಫೋಟೊಗೆ ನಿಂತಾಗ ಮಾತ್ರ ಗಿರಿಜಕ್ಕ ಗೆದ್ದವರನ್ನು ಪಕ್ಕಕ್ಕೆ ಸರಿಸಿ ನಟ್ಟನಡುವೆ ನಿಂತರು. ಅಷ್ಟಾದರೂ ಛಲ ಬೇಡವೇ!